ಅಮ್ಮನ ಕೋಳಿ ಎಷ್ಟು ಅಂತ ಕೇಳಿದವರಿಗೆ

ಅಮ್ಮನ ಮನೆ ಶರಾವತಿ ಹಿನ್ನೀರಿನ ಕಡೆ. ಬಸ್ ಇಳಿದು ಇನ್ನೂ ಒಂದು ಮೈಲಿ ನಡೆಯಬೇಕು. 2025ರಲ್ಲಿ ಒಂದು ದಿನ ಆ ಮನೆಯ ಮೀಟರ್ ಬೋರ್ಡಿನ ಪಕ್ಕ ಒಂದು ಸ್ಟಿಕರ್ ಬಂದು ಕೂತಿತು. ಬಿಲ್ ಕೊಡಲು ಬರುವ ಹುಡುಗ ಅಂಟಿಸಿ ಹೋಗಿದ್ದ. ಸಂಜೆ ಅಮ್ಮನ ಫೋನ್. "ಫ್ರೀ ಕರೆಂಟ್ ನಿಲ್ಸಿದ್ರಾ ಹೆಂಗೆ? ಎಂಥದೋ ಚೀಟಿ ಅಂಟ್ಸಿದಾರೆ ಮಾರಾಯ."

ಕರೆಂಟಿಗೂ ಅದಕ್ಕೂ ಸಂಬಂಧ ಇರಲಿಲ್ಲ. ಅದು ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆಗೆ ಕೊಟ್ಟ ಮನೆ ನಂಬರ್. ನಾವೆಲ್ಲ ಜಾತಿ ಗಣತಿ ಅನ್ನುತ್ತೇವಲ್ಲ, ಅದು. ಮನೆ ಹುಡುಕಲು ಕರೆಂಟ್ ಮೀಟರನ್ನೇ ಗುರುತಾಗಿ ಹಿಡಿದಿದ್ದರು. ತಲೆ ಓಡಿಸಿದ ಕೆಲಸ ಅಂತಲೇ ಹೇಳಬೇಕು. ರೇಷನ್ ಕಾರ್ಡ್ ಇಲ್ಲದ ಮನೆ ಇರಬಹುದು, ಮೀಟರ್ ಇಲ್ಲದ ಮನೆ ಈಗ ಕಡಿಮೆ.

ಸೆಪ್ಟೆಂಬರ್ 22ಕ್ಕೆ ಸಮೀಕ್ಷೆ ಶುರುವಾಯಿತು. ಅಮ್ಮನ ಮನೆಗೆ ಟೀಚರ್ ಬಂದ ದಿನ ನಾನೂ ಅಲ್ಲೇ ಇದ್ದೆ. ಪಾಪ, ದಸರಾ ರಜೆಯಲ್ಲಿ, ಮಳೆಯಲ್ಲಿ, ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ಮೊಬೈಲು. ಒಟ್ಟು 60 ಪ್ರಶ್ನೆ. ಜಾತಿ, ಉಪಜಾತಿ, ಓದು, ಕೆಲಸ, ಸಾಲ, ಜಮೀನು, ದನ. ಅಮ್ಮ ಖುಷಿಯಲ್ಲೇ ಹೇಳುತ್ತಾ ಹೋದಳು. ಕೇಳುವವರು ಸಿಗುವುದೇ ಅಪರೂಪ ಅವಳಿಗೆ. ಕೋಳಿಯ ವಿಷಯ ಬಂದಾಗ ಮಾತ್ರ ನಿಲ್ಲಿಸಿದಳು.

"ಕೋಳಿ ಎಂಥಕ್ಕೆ ನಿಂಗೆ?"

"ಬರ್ಕೊಳ್ಳಕ್ಕೆ ಹೇಳಿದಾರೆ ಅಜ್ಜಿ."

"ನಿನ್ನೆ ಆರಿತ್ತು. ರಾತ್ರಿ ಕಾಡುಬೆಕ್ಕು ಬಂದಿತ್ತು. ಈಗ ಎಣಿಸಿಲ್ಲ."

ಟೀಚರ್ ನಕ್ಕು ಐದು ಅಂತ ಹಾಕಿಕೊಂಡರು. ಆಮೇಲೆ ಓಟಿಪಿ ಬರಬೇಕು. ಅಂಗಳದಲ್ಲಿ ನೆಟ್‌ವರ್ಕ್ ಇಲ್ಲ. ನಮ್ಮ ಕಡೆಯ ಜನ ಟವರ್ ಬೇಕು ಅಂತ ಮತದಾನವನ್ನೇ ಬಿಡುತ್ತೇವೆ ಅಂದವರು, ಗೊತ್ತಲ್ಲ. ಕಡೆಗೆ ಮೂವರೂ ದಿಬ್ಬ ಹತ್ತಿ, ಹಲಸಿನ ಮರದ ಹತ್ತಿರ ನಿಂತಾಗ ಫೋನು ಟಿಂಗ್ ಅಂದಿತು.

ಕೆಲವು ದಿನ ಬಿಟ್ಟು ಪೇಪರಿನಲ್ಲಿ ಓದಿದೆ. ಕೋಳಿ, ಕುರಿ, ಬಂಗಾರ ಎಲ್ಲ ಕೇಳಬೇಡಿ ಅಂತ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಅವರೇ ಹೇಳಿದ್ದರು. ಅವರ ಮನೆಯಲ್ಲೂ ಕೇಳಿರಬೇಕಲ್ಲ, ಆಗ ಗೊತ್ತಾಯಿತು ಪಟ್ಟಿ ಎಷ್ಟು ಉದ್ದ ಅಂತ. ಸೆಪ್ಟೆಂಬರ್ 25ಕ್ಕೇ ಹೈಕೋರ್ಟ್ ಮಧ್ಯಂತರ ಆದೇಶ ಕೊಟ್ಟಿತ್ತು. ಸಮೀಕ್ಷೆ ನಡೆಯಲಿ, ಆದರೆ ಹೇಳಲೇಬೇಕು ಅಂತ ಯಾರನ್ನೂ ಒತ್ತಾಯ ಮಾಡುವ ಹಾಗಿಲ್ಲ, ಮಾಹಿತಿಯನ್ನು ಗುಟ್ಟಾಗಿ ಇಡಬೇಕು. ಅಮ್ಮನಿಗೆ ಇದನ್ನು ವಿವರಿಸಿದೆ. "ಹೇಳ್ದೆ ಹೋದ್ರೆ ರೇಷನ್ ಕೊಡ್ತಾರಾ?" ಅಂದಳು. ಹೈಕೋರ್ಟ್ ಹೇಳಿದ "ಸ್ವಇಚ್ಛೆ" ನಮ್ಮೂರಿನ ದಿಬ್ಬ ಹತ್ತುವ ಹೊತ್ತಿಗೆ ಇಷ್ಟು ಸಣ್ಣದಾಗಿರುತ್ತದೆ.

ನಾನು ಗಣತಿಯ ವಿರೋಧಿ ಅಲ್ಲ, ಮೊದಲೇ ಹೇಳಿಬಿಡುತ್ತೇನೆ. ಎಣಿಸದೆ ಪಾಲು ಕೊಡುವುದು ಹೇಗೆ? ಯಾರ ಮನೆಯಲ್ಲಿ ಎಷ್ಟು ಜನ ಓದಿದ್ದಾರೆ, ಯಾರಿಗೆ ಗುಂಟೆ ಜಮೀನೂ ಇಲ್ಲ ಅನ್ನುವುದು ಸರ್ಕಾರಕ್ಕೆ ಗೊತ್ತಿರಲೇಬೇಕು. ನನ್ನ ತಕರಾರು ಬೇರೆ. ನಮ್ಮದನ್ನೆಲ್ಲ ಕೇಳುವವರು ತಮ್ಮದನ್ನು ಹೇಳುವುದಿಲ್ಲ. ಈ ದಾರಿ ಒಂದೇ ಕಡೆಗೆ ಓಡುತ್ತಿದೆ.

ಪ್ರೈವೆಸಿ ಅಂದರೆ ಪೇಟೆ ಜನರ ಶೋಕಿ ಅಂತ ಅನ್ನುವವರಿಗೆ ಒಂದು ನೆನಪು. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದ್ದು 2017ರ ಆಗಸ್ಟ್ 24ರಂದು. ಆ ಕೇಸಿಗೆ ಹೆಸರು ಕೊಟ್ಟ ಅರ್ಜಿದಾರರು ನಮ್ಮವರೇ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2012ರಲ್ಲಿ ಆಧಾರ್ ಪ್ರಶ್ನಿಸಿ ಕೋರ್ಟಿಗೆ ಹೋದಾಗ ಅವರಿಗೆ 86 ವರ್ಷ. ಆ ವಯಸ್ಸಿನಲ್ಲಿ ನಮ್ಮ ಮನೆಗಳಲ್ಲಿ ಹಿರಿಯರು ಬ್ಯಾಂಕಿಗೆ ಹೋಗಿ ಬಂದರೆ ದೊಡ್ಡದು. 2024ರ ಅಕ್ಟೋಬರ್‌ನಲ್ಲಿ, 98ನೇ ವಯಸ್ಸಿನಲ್ಲಿ ತೀರಿಕೊಂಡರು. ದೇಶದ ಕಾನೂನು ಓದುವ ಮಕ್ಕಳೆಲ್ಲ ಅವರ ಹೆಸರು ಹೇಳುತ್ತಾರೆ. ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ಆ ತೀರ್ಪಿನ ಬಲದಿಂದ ಬಂದಿದ್ದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ನಿಯಮಗಳು ಹೊರಬಿದ್ದಿದ್ದು 2025ರ ನವೆಂಬರ್‌ನಲ್ಲಿ. ನಮ್ಮ ಮಾಹಿತಿಯನ್ನು ಜೋಪಾನ ಮಾಡದ ಕಂಪನಿಗೆ 250 ಕೋಟಿ ರೂಪಾಯಿವರೆಗೆ ದಂಡ ಹಾಕಬಹುದು. ಒಳ್ಳೆಯದು. ಆದರೆ ಕಂಪನಿಗಳು ಪಾಲಿಸಬೇಕಾದ ಮುಖ್ಯ ನಿಯಮಗಳಿಗೆ 18 ತಿಂಗಳು ಟೈಮ್ ಕೊಟ್ಟಿದ್ದಾರೆ. ದೇಶದ ಭದ್ರತೆ, ಸುವ್ಯವಸ್ಥೆ ಅಂತ ಹೇಳಿ ತನಗೆ ಬೇಕಾದ ಸರ್ಕಾರಿ ಸಂಸ್ಥೆಯನ್ನು ಕೇಂದ್ರ ಇದರಿಂದ ಹೊರಗಿಡಬಹುದು.

18 ತಿಂಗಳು ಕಾಯದೆ ತಕ್ಷಣ ಜಾರಿಗೆ ಬಂದಿದ್ದು ಯಾವುದು ಗೊತ್ತಾ? ಮಾಹಿತಿ ಹಕ್ಕು ಕಾಯ್ದೆಗೆ ತಂದ ತಿದ್ದುಪಡಿ. ಸೆಕ್ಷನ್ 8(1)(ಜೆ). ಹಳೆಯ ಸೆಕ್ಷನ್ ಪ್ರಕಾರ, ಸಾರ್ವಜನಿಕ ಕೆಲಸಕ್ಕೆ ಸಂಬಂಧವೇ ಇಲ್ಲದ, ಇಲ್ಲವೇ ಕೊಟ್ಟರೆ ಯಾರದೋ ಖಾಸಗಿತನಕ್ಕೆ ವಿನಾಕಾರಣ ಧಕ್ಕೆ ತರುವ ವೈಯಕ್ತಿಕ ಮಾಹಿತಿಯನ್ನು ಮಾತ್ರ ಕೊಡದೆ ಇರಬಹುದಿತ್ತು. ಶಾಸನಸಭೆಗೆ ಇಲ್ಲ ಅನ್ನಲಾಗದ ಮಾಹಿತಿಯನ್ನು ಸಾಮಾನ್ಯ ಜನರಿಗೂ ಇಲ್ಲ ಅನ್ನುವಂತಿಲ್ಲ ಅಂತ ಒಂದು ಸಾಲೂ ಇತ್ತು. ಅದೆಲ್ಲ ಹೋಯಿತು. ಈಗ ಉಳಿದಿರುವುದು "ವೈಯಕ್ತಿಕ ಮಾಹಿತಿ" ಅನ್ನುವ ಎರಡೇ ಪದ. ಸಾರ್ವಜನಿಕ ಹಿತಾಸಕ್ತಿ ಇದ್ದರೆ ಕೊಡಬಹುದು ಅನ್ನುವ 8(2) ಇದೆಯಲ್ಲ ಅಂತ ಸರ್ಕಾರ ಹೇಳುತ್ತದೆ. ಇದೆ, ಸರಿ. ಆದರೆ ಅದನ್ನು ತೂಗಿ ನೋಡುವವರು ಅದೇ ಕುರ್ಚಿಯಲ್ಲಿ ಕೂತ ಅಧಿಕಾರಿ. ಕಾಮಗಾರಿ ಬಿಲ್ಲಿನಲ್ಲಿ ಗುತ್ತಿಗೆದಾರನ ಹೆಸರು ಇರುತ್ತದೆ. ಹೆಸರು ಅಂದರೆ ವೈಯಕ್ತಿಕ. ಮುಗಿಯಿತಲ್ಲ?

ಖಾಸಗಿತನದ ಹಕ್ಕು ಅಂದರೆ ಪುಟ್ಟಸ್ವಾಮಿಯವರು ಜನರ ತಲೆ ಮೇಲೆ ಹಿಡಿದ ಕೊಡೆ. ಮಳೆ ಬಂದಾಗ ಅದರಡಿ ಓಡಿಬಂದು ನಿಂತವರು ಆಫೀಸರುಗಳು.

ಸುಮ್ನೆ ಸರ್ಕಾರವನ್ನೇ ಬೈದರೆ ಆಗಲ್ಲ, ನಾವೂ ಕಡಿಮೆ ಇಲ್ಲ. ಹೋದ ವಾರ ಚಪ್ಪಲಿ ಅಂಗಡಿಯಲ್ಲಿ ನಂಬರ್ ಕೇಳಿದರು, ಹೇಳಿಬಿಟ್ಟೆ. ಮೊಬೈಲ್ ನಂಬರ್ ಕೊಡಲೇಬೇಕು ಅಂತ ಗಿರಾಕಿಗಳನ್ನು ಒತ್ತಾಯಿಸಬೇಡಿ ಎಂದು ಕೇಂದ್ರ ಗ್ರಾಹಕ ವ್ಯವಹಾರ ಇಲಾಖೆ 2023ರಲ್ಲೇ ಅಂಗಡಿಯವರಿಗೆ ಹೇಳಿದೆ. ಗೊತ್ತಿದ್ದೂ ಹೇಳಿದೆ. ಹಿಂದೆ ಕ್ಯೂ ಇತ್ತು, ಮುಜುಗರ.

ಆದರೆ ಗಲಾಟೆ ಮಾಡಿದರೆ ಕೇಳುತ್ತಾರೆ ಅನ್ನುವುದಕ್ಕೂ ಉದಾಹರಣೆ ಇದೆ. ಹೊಸ ಫೋನುಗಳಲ್ಲೆಲ್ಲ ಸಂಚಾರ್ ಸಾಥಿ ಆ್ಯಪ್ ಮೊದಲೇ ಹಾಕಿರಬೇಕು ಅಂತ 2025ರ ನವೆಂಬರ್ 28ಕ್ಕೆ ಆದೇಶ ಹೊರಟಿತು. ದೇಶದ ತುಂಬ ಗದ್ದಲ. ಡಿಸೆಂಬರ್ 3ಕ್ಕೆ ವಾಪಸ್. ಒಂದು ವಾರವೂ ಬಾಳಲಿಲ್ಲ. ಕಳೆದುಹೋದ ಫೋನ್ ಹುಡುಕಲು ಆ ಆ್ಯಪ್ ಚೆನ್ನಾಗಿಯೇ ಇದೆ. ಬೇಕಾದವರು ಹಾಕಿಕೊಳ್ಳಲಿ, ಅಷ್ಟೇ.

ಈಗ ಅದೇ ಸೆಪ್ಟೆಂಬರಿಗೆ ವಾಪಸ್ ಬರುತ್ತೇನೆ. ಟೀಚರ್ ನಮ್ಮ ಕಡೆಯ ಕೋಳಿ ಎಣಿಸುವ ಸ್ವಲ್ಪ ದಿನ ಮೊದಲು ಕಾರ್ಗಲ್‌ನಲ್ಲಿ, ಗೇರುಸೊಪ್ಪದಲ್ಲಿ ಅಹವಾಲು ಸಭೆ ನಡೆದಿತ್ತು. ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆ, 2000 ಮೆಗಾವಾಟ್. ಕೆಳಗಿನ ಗೇರುಸೊಪ್ಪ ಜಲಾಶಯದ ನೀರನ್ನು ಮೇಲಿನ ತಲಕಳಲೆಗೆ ಎತ್ತುವುದು, ಕರೆಂಟ್ ಜಾಸ್ತಿ ಬೇಕಾದ ಹೊತ್ತಿನಲ್ಲಿ ಅದೇ ನೀರು ಬಿಟ್ಟು ಟರ್ಬೈನ್ ತಿರುಗಿಸುವುದು. ಹೊಸ ಕರೆಂಟ್ ಹುಟ್ಟುವುದಿಲ್ಲ. ಇಂಥ ಯೋಜನೆಗಳಲ್ಲಿ ನೀರು ಎತ್ತಲು 100 ಯೂನಿಟ್ ಸುಟ್ಟರೆ ಮರಳಿ ಬರುವುದು ಸುಮಾರು 75ರಿಂದ 80. ಒಂಥರಾ ದೊಡ್ಡ ಬ್ಯಾಟರಿ. ಹಗಲಿನ ಸೋಲಾರ್ ಕರೆಂಟನ್ನು ಸಂಜೆಗೆ ಉಳಿಸಿಕೊಳ್ಳಲು ಏನೋ ಒಂದು ಬೇಕು, ಅದನ್ನು ನಾನೂ ಒಪ್ಪುತ್ತೇನೆ. ಆದರೆ ಈ ಬ್ಯಾಟರಿ ಇಡುವ ಜಾಗ ಸಿಂಗಳೀಕಗಳ ಅಭಯಾರಣ್ಯ. ಘಟ್ಟದ ಹೊಟ್ಟೆಯೊಳಗೆ ಸುರಂಗ.

ಇಲ್ಲಿ ತಿಳಿದುಕೊಳ್ಳುವ ಹಕ್ಕು ಯಾರದು? 2006ರ ನಿಯಮದ ಪ್ರಕಾರ ಸ್ಥಳೀಯ ಭಾಷೆಯಲ್ಲಿ ಕೊಡಲೇಬೇಕಾದ್ದು ಪರಿಸರ ಪರಿಣಾಮ ವರದಿಯ ಸಾರಾಂಶ ಮಾತ್ರ. ದಪ್ಪ ವರದಿ ಇಂಗ್ಲಿಷಿನಲ್ಲಿ. ಹೊಳೆ ಪಕ್ಕದ ರೈತನಿಗೆ ಕನ್ನಡದ ನಾಲ್ಕು ಹಾಳೆ, ಅವನ ಹೊಳೆಯ ಪೂರ್ತಿ ಕಥೆ ಅವನಿಗೆ ಬಾರದ ಭಾಷೆಯಲ್ಲಿ. ಆ ನಿಯಮವನ್ನೇ ಬದಲಿಸುವ ಕರಡನ್ನು 2020ರಲ್ಲಿ ಕೇಂದ್ರ ಹೊರಡಿಸಿದಾಗಲೂ ಇದೇ ಹಾಡು, ಇಂಗ್ಲಿಷ್ ಮತ್ತು ಹಿಂದಿ. ಎಲ್ಲ ಭಾಷೆಗಳಿಗೂ ಅನುವಾದ ಮಾಡಿ ಅಂತ ದೆಹಲಿ ಹೈಕೋರ್ಟ್ ಹೇಳಬೇಕಾಯಿತು. ಆ ಆಗಸ್ಟಿನಲ್ಲಿ ನಮ್ಮ ಹೈಕೋರ್ಟೂ ಅಂತಿಮ ಅಧಿಸೂಚನೆಗೆ ತಡೆ ಹಾಕಿತು. ಕೋಳಿ ಲೆಕ್ಕ ಕೇಳುವಾಗ ಎಷ್ಟು ಚಂದದ ಕನ್ನಡ ಬರುತ್ತದೆ ನೋಡಿ.

ಅಮ್ಮನ ತವರು ಲಿಂಗನಮಕ್ಕಿಯ ನೀರಿನಡಿ ಇದೆ. 1964ರಲ್ಲಿ ಅಣೆಕಟ್ಟು ಮುಗಿದಾಗ ಅವಳಿಗೆ ಹದಿನಾಲ್ಕೋ ಹದಿನೈದೋ. ನಾಡಿಗೆಲ್ಲ ಬೆಳಕು ಕೊಟ್ಟ ಆ ಮುಳುಗಡೆಯ ಎಷ್ಟೋ ಕುಟುಂಬಗಳು 60 ವರ್ಷದಿಂದ ಉಳುತ್ತಿರುವ ಜಾಗಕ್ಕೆ ಇವತ್ತಿಗೂ ಹಕ್ಕುಪತ್ರ ಇಲ್ಲ. ಕೇಳಿದರೆ ಅದು ಅರಣ್ಯ, ಕೋರ್ಟು, ಕೇಂದ್ರ ಅಂತ ಬೆರಳು ತೋರಿಸುತ್ತಾರೆ. ಆ ಮನೆಗಳಿಗೂ ಮೀಟರ್ ಇದೆ. ಅಲ್ಲೂ ಸ್ಟಿಕರ್ ಅಂಟಿಸಿದ್ದಾರೆ. ಯಾವ ಸಂಖ್ಯೆ ಯಾವ ಮನೆ ಅಂತ ಮ್ಯಾಪಿನಲ್ಲಿ ಚುಕ್ಕೆ ಸಮೇತ ಗೊತ್ತು. ಆ ನೆಲ ಯಾರದು ಅನ್ನುವುದು ಮಾತ್ರ ಗೊತ್ತಿಲ್ಲ!

ನನ್ನದೊಂದು ಸಣ್ಣ ಕಥೆ ಹೇಳಿ ಮುಗಿಸುತ್ತೇನೆ. ನಮ್ಮ ಕಡೆ ಒಂದು ರಸ್ತೆ ಅಗಲ ಮಾಡಲು ಸಾಲುಮರ ಕಡಿದರು. ಧೂಪದ ಮರ, ಹಲಸು, ನನ್ನ ಅಜ್ಜನ ಕಾಲದ ಮಾವು. ಬದಲಿಗೆ ಗಿಡ ನೆಡುತ್ತೇವೆ ಅಂದಿದ್ದರು. ಎಷ್ಟು ಕಡಿದಿರಿ, ಎಷ್ಟು ನೆಟ್ಟಿರಿ, ಎಲ್ಲಿ, ಈಗ ಎಷ್ಟು ಬದುಕಿವೆ. ಇಷ್ಟೇ ನಾಲ್ಕು ಪ್ರಶ್ನೆ. 10 ರೂಪಾಯಿಯ ಪೋಸ್ಟಲ್ ಆರ್ಡರ್ ಇಟ್ಟು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆ. ಕೊನೆಯ ದಿನಕ್ಕೆ ಸರಿಯಾಗಿ ಉತ್ತರ ಬಂತು. "ಕೋರಿರುವ ಮಾಹಿತಿಯು ಕ್ರೋಢೀಕೃತ ರೂಪದಲ್ಲಿ ಲಭ್ಯವಿರುವುದಿಲ್ಲ. ಖುದ್ದು ಹಾಜರಾಗಿ ಕಡತ ಪರಿಶೀಲಿಸಬಹುದು."

ಹೋದೆ. ಬಾಗಿಲಲ್ಲಿ ರಿಜಿಸ್ಟರ್. ಹೆಸರು, ಊರು, ಮೊಬೈಲ್ ನಂಬರ್, ಬಂದ ಕಾರಣ, ಸಹಿ. ಆಧಾರ್ ಇದೆಯಾ ಅಂದರು, ತೋರಿಸಿದೆ. ಒಳಗೆ ಕೇಸ್ ವರ್ಕರ್ ಊಟಕ್ಕೆ ಹೋಗಿದ್ದರು. ಎರಡೂವರೆಗೆ ಬಂದು, ಬೀರು ತೆಗೆದು, ಕೆಂಪು ದಾರ ಕಟ್ಟಿದ ಎರಡು ಕಟ್ಟು ಬಿಚ್ಚಿ ಕಟ್ಟಿ, "ಆ ಫೈಲ್ ಬೇರೆ ಸೆಕ್ಷನ್ನಿಗೆ ಹೋಗಿದೆ ಸರ್, ಮುಂದಿನ ವಾರ ಬನ್ನಿ" ಅಂದರು. ಕೆಟ್ಟವರಲ್ಲ, ಟೀ ಕೂಡ ತರಿಸಿದರು.

ಮುಂದಿನ ವಾರವೂ ಹೋಗಿ ಬಂದೆ. ಮತ್ತೆ ಅದೇ ರಿಜಿಸ್ಟರ್, ಅದೇ ಮಾತು. ಈ ಸಲ ಟೀ ಇರಲಿಲ್ಲ.

ಮೇಲ್ಮನವಿ ಹಾಕಲು 30 ದಿನ ಇದೆ, ಅದರಲ್ಲಿ 12 ಆಗಲೇ ಹೋಯಿತು. ಇವತ್ತು ಬರೆಯಲು ಅಂತಲೇ ಕೂತೆ. "ಮಾನ್ಯರೇ" ಅಂತ ಬರೆದ ಮೇಲೆ ಮುಂದೆ ಬರೀ ಸಿಟ್ಟೇ ಬರುತ್ತಿತ್ತು. ಅದನ್ನು ಇಲ್ಲಿ ಇಳಿಸಿದ್ದೇನೆ. ಮೇಲ್ಮನವಿ ಹೇಗೆ ಬರೆದರೆ ಕೆಲಸ ಆಗುತ್ತದೆ ಅಂತ ಗೊತ್ತಿದ್ದವರು ಹೇಳಿ, ನಾಳೆ ಬೆಳಿಗ್ಗೆ ಪೋಸ್ಟ್ ಆಫೀಸಿನ ಕಡೆ ಹೋಗುವವನಿದ್ದೇನೆ.