ನೀರು ಎಲ್ಲಿಗೆ ಹೋಗುತ್ತೆ?

ನಿನ್ನೆ ಸಂಜೆ ಏಳಕ್ಕೆ ಶುರುವಾದ ಮಳೆ ಒಂಬತ್ತಾದರೂ ಸುರಿಯುತ್ತಲೇ ಇತ್ತು. ಹೊರಗಿನ ಮಳೆ ಅಲ್ಲ, ಕಂಪ್ಯೂಟರಿನ ಒಳಗಿನದು. ನಾನು ಎಬ್ಬಿಸಿದ ಬೆಟ್ಟದ ಮೇಲೆ ತಂತ್ರಾಂಶ ಒಂದೊಂದೇ ಹನಿ ಬಿಟ್ಟು, ಮಣ್ಣು ಕೊಚ್ಚಿ, ಹಳ್ಳ ಕೊರೆಯುತ್ತಿತ್ತು. ಶೇಕಡಾ 93 ಆಗಿತ್ತು. ಹೊರಗಿನ ಮಳೆಗೆ ಹೊಟ್ಟೆಕಿಚ್ಚಾಯಿತೋ ಏನೋ, ಎಲ್ಲೋ ಲೈನಿನ ಮೇಲೆ ಕೊಂಬೆ ಬಿತ್ತು. ಕರೆಂಟು ಹೋಯಿತು. ಯುಪಿಎಸ್ ನಾಲ್ಕು ಸಲ ಕುಂಯ್‌ಗುಟ್ಟಿ ಅದೂ ಕಣ್ಣು ಮುಚ್ಚಿತು.

ಚಿಕ್ಕಮಗಳೂರಿನ ಆಲ್ದೂರು ಕಡೆಯವರಿಗೆ ಮುಂದಿನದು ಹೇಳಬೇಕಿಲ್ಲ. ಆಷಾಢದಲ್ಲಿ ಹೋದ ಕರೆಂಟು ತವರಿಗೆ ಹೋದ ಸೊಸೆಯ ಹಾಗೆ, ಬರುವ ದಿನ ಹೇಳಿ ಹೋಗುವುದಿಲ್ಲ. ಇದನ್ನು ಫೋನಿನಲ್ಲಿ ಕುಟ್ಟುತ್ತಿದ್ದೇನೆ. ಅದರಲ್ಲೂ ಬ್ಯಾಟರಿ 31 ಇದೆ.

ಬೆಟ್ಟ ಯಾಕೆ ಮಾಡುತ್ತಿದ್ದೆ ಅಂದರೆ, ಹಾಸನದ ಗೆಳೆಯ ಮತ್ತು ನಾನು ಸೇರಿ ಒಂದು ವಿಡಿಯೋ ಗೇಮ್ ಮಾಡುತ್ತಿದ್ದೇವೆ. ಜೀಪಿಗೆ ಕಾಫಿ ಮೂಟೆ ಹೇರಿಕೊಂಡು ತೋಟದಿಂದ ಇಳಿದು, ಕಾಫಿ ಬೀಜ ಹದ ಮಾಡುವ ಕ್ಯೂರಿಂಗ್ ವರ್ಕ್ಸ್ ಸೇರಬೇಕು, ಅಷ್ಟೇ ಆಟ. ಮೂಟೆ ಬಿದ್ದರೆ ದುಡ್ಡು ಕಟ್. ಅವನ ಪಾಲಿನ ಜೀಪು ತಯಾರಾಗಿ ಎರಡು ತಿಂಗಳಾಯಿತು. ಗೇರು ಬೀಳುತ್ತೆ, ಹಾರನ್ ಹೊಡೆಯುತ್ತೆ, ಸೆಕೆಂಡ್ ಗೇರಿನಲ್ಲಿ ಸರಿಯಾಗಿ ನರಳುತ್ತೆ. ಇಳಿಯೋಕೆ ಬೆಟ್ಟ ಮಾತ್ರ ಇಲ್ಲ. ಬೆಟ್ಟ ನನ್ನ ಪಾಲು. ನಾನು ಐದು ವಾರದಿಂದ ಬೆಟ್ಟ ಮಾಡುವ ತಂತ್ರಾಂಶ ಆರಿಸುತ್ತಿದ್ದೇನೆ. ಕಿಟಕಿ ತೆರೆದರೆ ಎದುರಿಗೇ ಮುಳ್ಳಯ್ಯನಗಿರಿ ಸಾಲು.

ತಂತ್ರಾಂಶಗಳಿಗೇನು ಬರ ಇಲ್ಲ. ವರ್ಲ್ಡ್ ಮೆಷೀನ್ ಇದೆ. ಡಬ್ಬಿಗೆ ಡಬ್ಬಿ ತಂತಿ ಜೋಡಿಸುತ್ತಾ ಹೋದರೆ ಕೊನೆಯ ಡಬ್ಬಿಯಿಂದ ಬೆಟ್ಟ ಬರುತ್ತೆ. ವರ್ಲ್ಡ್ ಕ್ರಿಯೇಟರ್ ಇದೆ, ಅದು ಕೆಲಸವನ್ನೆಲ್ಲ ಗ್ರಾಫಿಕ್ಸ್ ಕಾರ್ಡಿನ ತಲೆ ಮೇಲೆ ಹಾಕುತ್ತೆ. ನನ್ನ ಕಾರ್ಡಿಗೆ ಆ ತಲೆ ಇಲ್ಲ. ಹೂಡಿನಿಯಲ್ಲಿ ಬೆಟ್ಟವೇನು, ಪ್ರಳಯವನ್ನೇ ಮಾಡಬಹುದು, ಕಲಿಯುವಷ್ಟು ಆಯಸ್ಸು ಇದ್ದರೆ. ಬ್ಲೆಂಡರ್ ಪೂರ್ತಿ ಪುಕ್ಕಟೆ. ಕುಂಚ ಹಿಡಿದು ಜೇಡಿಮಣ್ಣಿನ ಹಾಗೆ ತಿದ್ದಬಹುದು. ಆದರೆ ನಾನು ತಿದ್ದಿದ್ದೆಲ್ಲ ಇಡ್ಲಿ ಆಗುತ್ತೆ. ಇನ್ನೊಂದು ಗಯಾ. ಅದನ್ನು ಗೆಳೆಯನ ಹತ್ತಿರ ಫೋನಿನಲ್ಲಿ ಹೇಳುತ್ತಿದ್ದೆ. "ಮೊದಲು ಗಯಾ ನೋಡಿಬಿಡೋಣ, ಆಮೇಲೆ ಮಿಕ್ಕಿದ್ದು." ಪಕ್ಕದ ಜಗಲಿಯಿಂದ ದೊಡ್ಡಪ್ಪ ಗಾಬರಿಯಾಗಿ ಎದ್ದು ಬಂದರು. "ಯಾರೋ ತೀರ್ಕೊಂಡಿದ್ದು?"

ದೊಡ್ಡಪ್ಪನ ಬಗ್ಗೆ ಹೇಳಲೇಬೇಕು. ನನ್ನ ಸಿಟ್ಟಿನಲ್ಲಿ ಕರೆಂಟಿನ ಪಾಲು ಅರ್ಧ, ಇನ್ನರ್ಧ ಅವರದು. ವಯಸ್ಸು ಎಪ್ಪತ್ತಮೂರು, ಐವತ್ತು ವರ್ಷ ತೋಟ ಮಾಡಿದವರು. ಸಂಜೆ ಕಾಫಿ ಲೋಟ ಹಿಡಿದು ನನ್ನ ಕುರ್ಚಿಯ ಹಿಂದೆ ನಿಲ್ಲುತ್ತಾರೆ. ಕೂರಿ ಅಂದರೆ ಕೂರುವುದಿಲ್ಲ. ಕಾಫಿ ಸೊರ್ರ್ ಅಂತ ಹೀರುವ ಸದ್ದು ನನ್ನ ಕಿವಿಯ ಹಿಂದೆಯೇ ಕೇಳುತ್ತೆ. ತೆರೆಯ ಮೇಲೆ ಯಾವ ಬೆಟ್ಟ ಇದ್ದರೂ ಅವರು ಕೇಳುವುದು ಒಂದೇ ಪ್ರಶ್ನೆ.

"ನೀರು ಎಲ್ಲಿಗೆ ಹೋಗುತ್ತೆ?"

ಮೊದಲ ದಿನ ನಕ್ಕೆ. ಅವತ್ತು ತೋರಿಸಿದ್ದು ಪರ್ಲಿನ್ ನಾಯ್ಸ್‌ನಿಂದ ಮಾಡಿದ ಗುಡ್ಡಗಳು. ಕೆನ್ ಪರ್ಲಿನ್ ಅನ್ನುವವರು 1980ರ ದಶಕದಲ್ಲಿ ಕಂಡುಹಿಡಿದ ಲೆಕ್ಕ. ಗೊತ್ತುಗುರಿ ಇಲ್ಲದ ಸಂಖ್ಯೆಗಳನ್ನೇ ನಯವಾಗಿ ಹೆಣೆದು ಏರಿಳಿತ ಮಾಡುತ್ತೆ. ನೋಡಲು ಚೆನ್ನಾಗಿತ್ತು. ದೊಡ್ಡಪ್ಪ ತೆರೆಯ ಮೇಲೆ ಬೆರಳಿಟ್ಟರು. (ಬೆರಳಲ್ಲಿ ಕೋಡುಬಳೆಯ ಎಣ್ಣೆ.) "ಇಲ್ಲಿ ತಗ್ಗು. ಸುತ್ತ ದಿಣ್ಣೆ. ಹೊರಗೆ ದಾರಿ ಎಲ್ಲಿದೆ? ನೀರು ನಿಲ್ಲುತ್ತೆ. ಕಾಫಿ ಬೇರು ಕೊಳೆಯುತ್ತೆ, ಮೆಣಸಿಗೆ ಸೊರಗು ರೋಗ ಬರುತ್ತೆ."

"ದೊಡ್ಡಪ್ಪ, ಇದು ಗೇಮು. ಇಲ್ಲಿ ಮೆಣಸು ಇಲ್ಲ."

"ಮೆಣಸು ಇಲ್ದೆ ಇರೋ ತೋಟದಿಂದ ಜೀಪು ಯಾಕೆ ಬರುತ್ತೆ?"

ಪರ್ಲಿನ್ ಅವರ ಆ ಲೆಕ್ಕಕ್ಕೆ 1997ರಲ್ಲಿ ಆಸ್ಕರ್ ಕೊಡುವ ಅಕಾಡೆಮಿಯ ತಾಂತ್ರಿಕ ಪ್ರಶಸ್ತಿ ಸಿಕ್ಕಿದೆ. ದೊಡ್ಡಪ್ಪನ ಕೈಯಲ್ಲಿ ಪಾಸಾಗಲಿಲ್ಲ. ಕಷ್ಟ ಏನೆಂದರೆ ಅವರು ಹೇಳಿದ್ದು ಸರಿ. ಬರೀ ನಾಯ್ಸ್‌ನಿಂದ ಮಾಡಿದ ನೆಲದ ತುಂಬ ದಾರಿ ಇಲ್ಲದ ಗುಂಡಿಗಳು. ನಿಜವಾದ ಬೆಟ್ಟವನ್ನು ನೀರು ಲಕ್ಷಾಂತರ ವರ್ಷ ಕೊರೆದಿರುತ್ತೆ, ಅದಕ್ಕೇ ಹಳ್ಳಕ್ಕೆ ಹಳ್ಳ ಕೂಡಿ ಕೆಳಗೆ ಇಳಿದಿರುತ್ತೆ. ಈ ಕೊರೆತವನ್ನು ಯಾವುದು ಚೆನ್ನಾಗಿ ಮಾಡುತ್ತೆ ಅನ್ನುವುದರ ಮೇಲೇ ತಂತ್ರಾಂಶಗಳ ಜಗಳವೆಲ್ಲ. ನಾನು ಮೂರು ವಾರ ವಿಡಿಯೋ ನೋಡಿ ತಿಳಿದದ್ದನ್ನು ಅವರು ಅರ್ಧ ಲೋಟ ಕಾಫಿಯಲ್ಲಿ ಹೇಳಿ ಹೋದರು. ಸಿಟ್ಟು ಬರಲ್ವಾ?

ಆಮೇಲೆ ಇದು ದಿನದ ಶಾಸ್ತ್ರವಾಯಿತು. ಮಳೆ ಸುರಿಸಿ ತೋರಿಸಿದೆ. "ಮಣ್ಣು ಇಷ್ಟೊಂದು ಕೊಚ್ಚಿದ್ಯಲ್ಲ, ಎಲ್ಲಿ ಹೋಯ್ತು?" ಬೆಟ್ಟದ ಬುಡದಲ್ಲಿ ಹೂಳು ಕೂರುವ ಆಯ್ಕೆ ಹುಡುಕಿ ಒತ್ತಿದೆ. "ಇಷ್ಟು ಇಳಿಜಾರಿಗೆ ತೊಟ್ಟಿಲು ಗುಂಡಿ ಹೊಡೆಸದಿದ್ರೆ ಆಗುತ್ತಾ?" (ನೀರು, ಮಣ್ಣು ಹರಿದು ಹೋಗದ ಹಾಗೆ ತೋಟದಲ್ಲಿ ತೋಡುವ ಗುಂಡಿ.) ಕಡಿದಾದ ಧರೆ ಮಾಡಿದೆ. "ಇದು ಈ ಮಳೆಗಾಲ ದಾಟಲ್ಲ." ಕೊನೆಗೆ ಸಮತಟ್ಟು ಬಯಲು ಮಾಡಿದೆ, ಏನಂತಾರೋ ನೋಡೋಣ ಅಂತ. ಸೊರ್ರ್. ಬಹಳ ಹೊತ್ತು ನೋಡಿದರು. "ಬಯಲುಸೀಮೆ ಚೆನ್ನಾಗಿ ಬಂದಿದೆ. ನೀರು ಎಲ್ಲಿಂದ ತರ್ತೀಯ?"

ಒಂದೇ ಒಂದು ಸಲ ಉಪಕಾರ ಮಾಡಿದರು. ಗೇಮಿಗೆ ಬೆಟ್ಟವನ್ನು ಕಪ್ಪುಬಿಳುಪು ಚಿತ್ರವಾಗಿ ಕೊಡಬೇಕು. ಬೆಳ್ಳಗಿದ್ದಷ್ಟು ಎತ್ತರ, ಕಪ್ಪಗಿದ್ದಷ್ಟು ತಗ್ಗು. ಗೆಳೆಯ ಗೇಮ್ ಕಟ್ಟಲು ಬಳಸುವ ಯೂನಿಟಿ ಅನ್ನುವ ತಂತ್ರಾಂಶಕ್ಕೆ ಒಂದು ಬದಿಯಲ್ಲಿ 1025 ಚುಕ್ಕಿ ಬೇಕು. ನನ್ನ ಕೈಲಿದ್ದ ಉಚಿತ ಆವೃತ್ತಿ 1024ಕ್ಕೆ ಕೈ ಎತ್ತುತ್ತೆ. ಈ ಒಂದು ಯಾಕೆ ಜಾಸ್ತಿ ಅಂತ ಗೊಣಗುತ್ತಿದ್ದೆ. "ಹತ್ತು ಅಂಕಣ ಬೇಲಿಗೆ ಗೂಟ ಎಷ್ಟು ಬೇಕು?" ಎಂದರು. ಹನ್ನೊಂದು. ಚುಕ್ಕಿ ಅಂದರೆ ಗೂಟ, 1024 ಅಂಕಣಕ್ಕೆ 1025. ಅಷ್ಟೇ ವಿಷಯ.

ಆದರೆ ಮೆಟ್ಟಿಲಿನ ದಿನ ಅವರೂ ಬೆಚ್ಚಿದರು. ಚಿತ್ರವನ್ನು ನಾನು ತಪ್ಪಿ 8 ಬಿಟ್‌ನಲ್ಲಿ ಉಳಿಸಿದ್ದೆ. ಅದರಲ್ಲಿ ಕಪ್ಪಿನಿಂದ ಬಿಳುಪಿಗೆ 256 ಹಂತ ಮಾತ್ರ. ಸಾವಿರ ಮೀಟರ್ ಏರನ್ನು 256 ಹಂತಕ್ಕೆ ಹಂಚಿದರೆ ಒಂದೊಂದು ಹಂತ ಸುಮಾರು 4 ಮೀಟರ್. ಬೆಟ್ಟದ ಬುಡದಿಂದ ನೆತ್ತಿವರೆಗೆ ಸುತ್ತಲೂ ಮೆಟ್ಟಿಲು. ಜೀಪು ಒಂದೊಂದೇ ಮೆಟ್ಟಿಲಿನಿಂದ ಧಡ್ ಧಡ್ ಅಂತ ಇಳಿಯಿತು, ಹದಿನೆಂಟು ಮೂಟೆಯೂ ಹಾರಿತು, ಡ್ರೈವರೂ ಹಾರಿದ. ಮುಳ್ಳಯ್ಯನಗಿರಿ ದೇವಸ್ಥಾನಕ್ಕೂ ಮೆಟ್ಟಿಲಿದೆ ನಿಜ, ಹೀಗೆ ದಿಕ್ಕು ದಿಕ್ಕಿಗೆ ಇಲ್ಲ. 16 ಬಿಟ್‌ನಲ್ಲಿ ಉಳಿಸಿದರೆ 65,536 ಹಂತ, ಆಗ ನೆಲ ನುಣುಪು. ಗೆಳೆಯ ಆ ವಿಡಿಯೋವನ್ನು ಇವತ್ತಿಗೂ ಸ್ಟೇಟಸ್ ಹಾಕುತ್ತಾನೆ.

ಇಷ್ಟಾದ ಮೇಲೆ ಕಲ್ಪನೆ ಸಾಕು, ನಮ್ಮೂರನ್ನೇ ಇಳಿಸಿಕೊಳ್ಳೋಣ ಅಂದುಕೊಂಡೆ. 2000ದ ಫೆಬ್ರವರಿಯಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆ ಹನ್ನೊಂದು ದಿನ ಸುತ್ತಿ ರೇಡಾರಿನಿಂದ ಭೂಮಿಯ ಎತ್ತರ ಅಳೆಯಿತು. ಸುಮಾರು 30 ಮೀಟರಿಗೆ ಒಂದು ಚುಕ್ಕಿ, ಪುಕ್ಕಟೆ ಸಿಗುತ್ತೆ. ಮುಳ್ಳಯ್ಯನಗಿರಿ ತನ್ನ 1,930 ಮೀಟರಿನ ಆಸುಪಾಸಿನಲ್ಲಿ ಬಂದು ನಿಂತಿತು. ದಟ್ಟ ಮರ ಇದ್ದಲ್ಲಿ ರೇಡಾರು ಮರದ ಎತ್ತರವನ್ನೂ ಅಷ್ಟಿಷ್ಟು ನೆಲಕ್ಕೆ ಸೇರಿಸಿಬಿಡುತ್ತೆ. ಅಂದರೆ ನಮ್ಮ ಸಿಲ್ವರ್ ಓಕುಗಳೂ ಬೆಟ್ಟದ ಲೆಕ್ಕಕ್ಕೆ ಸೇರಿವೆ.

ದೊಡ್ಡಪ್ಪ ಮನೆ ಎಲ್ಲಿ ಅಂತ ಕೇಳಿದರು. ತೋರಿಸಿದೆ. ಅದರ ಹಿಂದೆ ಒಂದು ಚಿಕ್ಕ ಉಬ್ಬು ಇತ್ತು. ಅಡ್ಡಕ್ಕೆ ಐದು, ಉದ್ದಕ್ಕೆ ಐದು ಚುಕ್ಕಿ. ನನಗೆ ಗೊತ್ತಾಗಲಿಲ್ಲ, ಅವರಿಗೆ ಗೊತ್ತಾಯಿತು.

ಬ್ಯಾಣದ ಗುಡ್ಡ. (ಬ್ಯಾಣ ಅಂದರೆ ದನ ಮೇಯುವ ಹುಲ್ಲುಗಾವಲು.) ಸಣ್ಣವರಿದ್ದಾಗ ಅಡಿಕೆ ಹಾಳೆ ಮೇಲೆ ಕೂತು ಜಾರುತ್ತಿದ್ದದ್ದು ಅಲ್ಲೇ. ಹತ್ತು ವರ್ಷದ ಹಿಂದೆ ಯಾರೋ ಹೊರಗಿನವರು ಕೊಂಡರು. ಎರಡು ಜೆಸಿಬಿ ಒಂದು ವಾರ ಗುಡ್ಡ ಕಡಿದು, ಮಣ್ಣು ತಗ್ಗಿಗೆ ಸುರಿದು, ಹೋಂಸ್ಟೇಯ ಕಾರು ನಿಲ್ಲಿಸುವ ಜಾಗ ಮಾಡಿದವು. ರೇಡಾರು ಹಾದು ಹೋದಾಗ ಗುಡ್ಡ ಇನ್ನೂ ಅಲ್ಲೇ ಇತ್ತು. ಪ್ರಾಯಶಃ ದನಗಳೂ ಇದ್ದವು.

ಕಾಫಿ ಆರುತ್ತಾ ಇತ್ತು. ಸೊರ್ರ್ ಕೇಳಲಿಲ್ಲ. ನೀರು ಎಲ್ಲಿಗೆ ಹೋಗುತ್ತೆ ಅಂತಲೂ ಕೇಳಲಿಲ್ಲ.

30 ಮೀಟರಿಗೊಂದು ಚುಕ್ಕಿಯಲ್ಲಿ ಜೀಪು ಓಡುವಷ್ಟು ವಿವರ ಇರುವುದಿಲ್ಲ. ನಡುವಿನ ಹಳ್ಳ, ಕೊರಕಲನ್ನು ಮಳೆ ಹಾಕಿಯೇ ತುಂಬಿಸಬೇಕು. ನಿನ್ನೆ ಏಳಕ್ಕೆ ಶುರು ಮಾಡಿದ ಮಳೆ ಅದೇ. 93ಕ್ಕೆ ಹೋಯಿತಲ್ಲ, ಅದೇ.

ಈಗಷ್ಟೇ ಟಾರ್ಚು ಹಿಡಿದು ದೊಡ್ಡಪ್ಪ ಬಂದಿದ್ದರು. ಎಲ್ಲ ಹೋಯ್ತು, ಮತ್ತೆ ಮೊದಲಿಂದ ಮಾಡಬೇಕು ಅಂದೆ. ಒಳ್ಳೇದಾಯ್ತು ಅನ್ನುವ ಹಾಗೆ ತಲೆ ಆಡಿಸಿದರು.

"ಈ ಸಲ ಬ್ಯಾಣದ ಗುಡ್ಡಕ್ಕೆ ಮಳೆ ಹಾಕಬೇಡ. ಮಿಕ್ಕಿದ್ದಕ್ಕೆ ಎಷ್ಟು ಬೇಕಾದ್ರೂ ಸುರಿಸ್ಕೋ."

ಸರಿ ಅಂದೆ. ಇಷ್ಟು ಜಾಗ ಬಿಟ್ಟು ಮಿಕ್ಕ ಕಡೆ ಮಾತ್ರ ಮಳೆ ಹಾಕುವುದು ಯಾವ ತಂತ್ರಾಂಶದಲ್ಲಿ ಸುಲಭ ಅಂತ ಈಗ ಹುಡುಕಬೇಕು. ಗೆಳೆಯನಿಗೆ ಇನ್ನೊಂದು ವಾರ ಕೊಡು ಅಂತ ಮೆಸೇಜು ಹಾಕಿದ್ದೇನೆ. ಟವರಿಗೂ ಕರೆಂಟಿಲ್ಲ, ಹೋಗಿಲ್ಲ.