ಹದಿನೈದರ ಮಗಳಿಗೊಂದು ಚೀಟಿ, ನಲವತ್ತೈದರ ಅಮ್ಮನಿಗೊಂದು ಚೀಟಿ

ಅಮೆರಿಕದ ಹೈಸ್ಕೂಲ್ ಲೈಬ್ರರಿಗಳಲ್ಲಿ ಕಾದಂಬರಿ ಕಪಾಟಿನ ಅಂಚಿಗೆ ಅಂಗೈಯಗಲದ ಚೀಟಿಗಳನ್ನು ಅಂಟಿಸಿರುತ್ತಾರೆ. ಶೆಲ್ಫ್ ಟಾಕರ್ ಎಂದು ಅದಕ್ಕೆ ಹೆಸರು. ಲೈಬ್ರರಿಯನ್ನರೋ, ಪುಸ್ತಕ ಓದಿ ಮುಗಿಸಿದ ವಿದ್ಯಾರ್ಥಿಯೋ ಬರೆದ ನಾಲ್ಕೈದು ಸಾಲು ಅದರಲ್ಲಿರುತ್ತದೆ. ಕಥೆ ಎಂಥ ಓಟದಲ್ಲಿ ಸಾಗುತ್ತದೆ, ಯಾರ ಬಾಯಿಂದ ಬರುತ್ತದೆ, ಎಲ್ಲಿ ತಾಳ್ಮೆ ಬೇಕು, ಹಿಂದೆ ಯಾವುದು ಹಿಡಿಸಿದ್ದರೆ ಇದೂ ಹಿಡಿಸೀತು ಎಂಬಷ್ಟೇ ಮಾತು. ಲೇಖಕರ ದೊಡ್ಡತನಕ್ಕೆ ಅಲ್ಲಿ ಜಾಗ ಕಡಿಮೆ. ಹದಿಹರೆಯದವರಿಗೆಂದು ಕನ್ನಡದಲ್ಲಿ ನಾವು ಮಾಡುವ ಪಟ್ಟಿಗಳನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ನಮ್ಮ ಕೊರತೆ ಎಲ್ಲಿದೆಯೆಂದು ಗೊತ್ತಾಗುತ್ತದೆ. ಒಳ್ಳೆಯ ಕಾದಂಬರಿಗಳು ನಮ್ಮಲ್ಲಿ ಬೇಕಾದಷ್ಟಿವೆ. ಅವುಗಳ ಜೊತೆಗೆ ಓದುಗರ ಕೈಗೆ ಹೋಗಬೇಕಾದ ಆ ನಾಲ್ಕು ಸಾಲು ಇಲ್ಲ.

ನಮ್ಮ ಪಟ್ಟಿ ಸಾಮಾನ್ಯವಾಗಿ ಹೆಸರುಗಳ ಪಟ್ಟಿ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಅದರಲ್ಲಿ ಇದ್ದೇ ಇರುತ್ತದೆ, ಇರಬೇಕಾದದ್ದೇ. ಆದರೆ ಅದು 700 ಪುಟ ದಾಟುವ, ಹತ್ತಾರು ಪಾತ್ರಗಳು ಒಂದರ ಬೆನ್ನಿಗೊಂದು ಬರುವ ಕೃತಿ. ಮೊದಲು ಓದುವ ಕನ್ನಡ ಕಾದಂಬರಿಯೆಂದು ಹದಿನಾಲ್ಕರ ಹುಡುಗನ ಕೈಗೆ ಅದನ್ನೇ ಕೊಟ್ಟರೆ ನಲವತ್ತನೇ ಪುಟಕ್ಕೆ ಮುಚ್ಚಿಡುತ್ತಾನೆ. ಕನ್ನಡ ಕಾದಂಬರಿ ಎಂದರೆ ತನ್ನ ಕೈಲಾಗದ್ದು ಎಂದು ಅವನು ತೀರ್ಮಾನಿಸಿಬಿಡುತ್ತಾನೆ. ಆ ತೀರ್ಮಾನವನ್ನು ಆಮೇಲೆ ಅಳಿಸುವುದು ಬಹಳ ಕಷ್ಟ.

ಈ ವಯಸ್ಸಿನ ಓದುಗರಿಗೆ ತಕ್ಕ ಪುಸ್ತಕ ಗುರುತಿಸಲು ಅಮೆರಿಕದ ಗ್ರಂಥಾಲಯ ಸಂಘದವರು ಎರಡು ದಾರಿ ಮಾಡಿಕೊಂಡಿದ್ದಾರೆ. 2000ದಿಂದ ಕೊಡುತ್ತಿರುವ ಪ್ರಿಂಟ್ಜ್ ಪ್ರಶಸ್ತಿ ಹದಿಹರೆಯದವರಿಗಾಗಿಯೇ ಬರೆದ ಪುಸ್ತಕಕ್ಕೆ. ಕ್ಯಾನ್ಸಾಸಿನ ಟೊಪೀಕಾ ಊರಿನ ಶಾಲಾ ಲೈಬ್ರರಿಯನ್ ಒಬ್ಬರ ಹೆಸರಿನಲ್ಲಿದೆ ಅದು. ಎರಡನೆಯದು ಇನ್ನೂ ಮುಖ್ಯ. 1998ರಲ್ಲಿ ಆರಂಭವಾದ ಅಲೆಕ್ಸ್ ಪ್ರಶಸ್ತಿಯಲ್ಲಿ ದೊಡ್ಡವರಿಗೆಂದು ಪ್ರಕಟವಾದ ಪುಸ್ತಕಗಳಲ್ಲೇ 12ರಿಂದ 18ರ ವಯಸ್ಸಿನವರನ್ನೂ ಹಿಡಿದು ಕೂರಿಸಬಲ್ಲ ಹತ್ತನ್ನು ಪ್ರತಿ ವರ್ಷ ಆರಿಸುತ್ತಾರೆ. ಬಾಲ್ಟಿಮೋರಿನ ಸಾರ್ವಜನಿಕ ಗ್ರಂಥಾಲಯದಲ್ಲಿ ಹದಿಹರೆಯದವರ ಓದಿಗಾಗಿ ದುಡಿದ ಮಾರ್ಗರೆಟ್ ಅಲೆಕ್ಸಾಂಡರ್ ಎಡ್ವರ್ಡ್ಸ್ ಅವರ ನೆನಪಿನ ಪ್ರಶಸ್ತಿ ಅದು.

ಇತ್ತ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ 2010ರಲ್ಲಿ, ಯುವ ಪುರಸ್ಕಾರ 2011ರಲ್ಲಿ ಶುರುವಾದವು. ಯುವ ಪುರಸ್ಕಾರದಲ್ಲಿ ಲೆಕ್ಕಕ್ಕೆ ಬರುವುದು ಬರೆದವರ ವಯಸ್ಸು, 35ರ ಒಳಗಿರಬೇಕು. ಓದುವವರ ವಯಸ್ಸನ್ನು ಅದು ಕೇಳುವುದಿಲ್ಲ. ಹೀಗಾಗಿ ಮಕ್ಕಳ ಪುಸ್ತಕ ಸಾಲದಾದ, ದೊಡ್ಡವರ ಪುಸ್ತಕಕ್ಕೆ ದಾರಿ ಕಾಣದ ಹದಿನಾಲ್ಕು ಹದಿನೈದರವರನ್ನು ಮನಸ್ಸಿನಲ್ಲಿಟ್ಟುಕೊಂಡು ಆರಿಸುವ ಕೆಲಸ ಶಾಲೆಯ ಮೇಷ್ಟ್ರ ಪಾಲಿಗೋ ಮನೆಯವರ ಪಾಲಿಗೋ ಉಳಿಯುತ್ತದೆ.

ಹಾಗೆಂದು ಅಮೆರಿಕದಲ್ಲಿರುವಂತೆ ಕನ್ನಡದಲ್ಲೂ ಹದಿಹರೆಯದವರ ಕಾದಂಬರಿ ಎಂಬ ಪ್ರತ್ಯೇಕ ಬೇಲಿ ಹಾಕಬೇಕೆಂದು ನಾನು ಹೇಳುವುದಿಲ್ಲ. ವಾರಪತ್ರಿಕೆಯ ಧಾರಾವಾಹಿಯನ್ನು ಅಜ್ಜಿ, ಅಮ್ಮ, ಪಿಯುಸಿ ಓದುವ ಮಗಳು ಸರದಿಯಲ್ಲಿ ಓದಿ, ಮುಂದಿನ ವಾರ ಏನಾದೀತೆಂದು ಊಟದ ಹೊತ್ತಿನಲ್ಲಿ ವಾದ ಮಾಡುತ್ತಿದ್ದ ಸಂಪ್ರದಾಯ ನಮ್ಮದು. ಬಡಾವಣೆಯ ಸರ್ಕ್ಯುಲೇಟಿಂಗ್ ಲೈಬ್ರರಿ ನಡೆಸುತ್ತಿದ್ದವರಿಗೆ ಯಾವ ಮನೆಯಲ್ಲಿ ಯಾರು ಏನು ಓದುತ್ತಾರೆಂಬುದು ಬಾಯಿಪಾಠವಾಗಿರುತ್ತಿತ್ತು. ಅಮೆರಿಕದ ಸಾರ್ವಜನಿಕ ಗ್ರಂಥಾಲಯಗಳಲ್ಲಿ ಹದಿಹರೆಯದವರಿಗೆ ಬೇರೆ ವಿಭಾಗವೇ ಇರುತ್ತದೆ. ತಾಯಿ ಒಂದು ಕಡೆ, ಮಗ ಇನ್ನೊಂದು ಕಡೆ ಪುಸ್ತಕ ಆರಿಸುತ್ತಾರೆ, ಒಬ್ಬರದನ್ನು ಇನ್ನೊಬ್ಬರು ಮುಟ್ಟುವುದು ಅಪರೂಪ. ಒಂದೇ ಪುಸ್ತಕವನ್ನು ಇಡೀ ಮನೆ ಓದುವ ನಮ್ಮ ರೂಢಿಯೇ ಹೆಚ್ಚು ಬೆಲೆಯುಳ್ಳದ್ದು. ಅದಕ್ಕೆ ಅಮೆರಿಕದ ಚೀಟಿಯನ್ನು ಸೇರಿಸಿಕೊಂಡರೆ ಸಾಕು. ಒಂದು ಕಾದಂಬರಿಗೆ ಎರಡು ಚೀಟಿ, ಹುಡುಗರಿಗೊಂದು, ದೊಡ್ಡವರಿಗೊಂದು.

ಅಮೆರಿಕದಿಂದ ತರಬಾರದ ಒಂದು ಪದ್ಧತಿಯನ್ನೂ ಹೇಳಬೇಕು. ಲೆಕ್ಸೈಲ್ ಎಂಬ ಅಳತೆಯಿದೆ. ವಾಕ್ಯ ಎಷ್ಟು ಉದ್ದ, ಪದ ಎಷ್ಟು ಬಳಕೆಯಲ್ಲಿದೆ ಎಂಬುದನ್ನು ಕಂಪ್ಯೂಟರ್ ಎಣಿಸಿ ಪುಸ್ತಕಕ್ಕೆ ಒಂದು ಅಂಕ ಕೊಡುತ್ತದೆ, ಅಂಕ ಹೆಚ್ಚಿದಷ್ಟೂ ಪುಸ್ತಕ ಕಷ್ಟ ಎಂದು ಲೆಕ್ಕ. ಜಾನ್ ಸ್ಟೈನ್‌ಬೆಕ್ ಅವರ ‘ದ ಗ್ರೇಪ್ಸ್ ಆಫ್ ರಾತ್’ ಕಾದಂಬರಿಗೆ ಈ ಲೆಕ್ಕದಲ್ಲಿ 680, ಚಿತ್ರಗಳೇ ತುಂಬಿದ ‘ಡೈರಿ ಆಫ್ ಎ ವಿಂಪಿ ಕಿಡ್’ಗೆ 950. ಅಂಕ ನೋಡಿ ಪುಸ್ತಕ ಕೊಡುವ ಶಾಲೆಗಳಲ್ಲಿ ಎಷ್ಟೋ ಮಕ್ಕಳು ತಮಗೆ ಬೇಕಾದದ್ದನ್ನು ಕೆಳಗಿಟ್ಟು ಹೋಗುತ್ತಾರೆ. ಕನ್ನಡದಲ್ಲಿ ಈ ತಪ್ಪು ಪುಟಸಂಖ್ಯೆಯ ರೂಪದಲ್ಲಿ ನಡೆಯುತ್ತದೆ. ತೆಳ್ಳಗಿದ್ದರೆ ಸುಲಭ ಎಂದುಕೊಳ್ಳುತ್ತೇವೆ. ದೇವನೂರ ಮಹಾದೇವ ಅವರ ‘ಕುಸುಮಬಾಲೆ’ ಕೈಯಲ್ಲಿ ಹಿಡಿದರೆ ಪುಟ್ಟ ಪುಸ್ತಕ. ಆದರೆ ನಂಜನಗೂಡು ಸೀಮೆಯ ಆಡುಮಾತಿನಲ್ಲಿ ಕಾವ್ಯದ ಲಯದಲ್ಲಿ ಹರಿಯುವ ಅದನ್ನು ಧಾರವಾಡದ ಹುಡುಗಿಗೋ, ನ್ಯೂಜೆರ್ಸಿಯ ಹುಡುಗನಿಗೋ ಬರೀ ಕೈಗೆ ಕೊಟ್ಟು ಕಳಿಸಿದರೆ ಮೊದಲ ಪುಟವೇ ಬಾಗಿಲು ಹಾಕಿಕೊಳ್ಳುತ್ತದೆ. ಆ ಸೀಮೆಯ ಮಾತು ಬಲ್ಲವರು ಮೊದಲ ಐದಾರು ಪುಟ ಗಟ್ಟಿಯಾಗಿ ಓದಿ ಹೇಳಬೇಕು. ಕಿವಿಗೆ ಒಮ್ಮೆ ಹತ್ತಿದರೆ ಆಮೇಲೆ ಕಣ್ಣಿಗೆ ತೊಡಕಿಲ್ಲ. ಇದನ್ನು ಯಾವ ಅಂಕವೂ ಹೇಳುವುದಿಲ್ಲ, ಚೀಟಿ ಹೇಳಬಲ್ಲದು.

ಚೀಟಿ ಬರೆಯುವವರು ಮೊದಲು ನೋಡಬೇಕಾದದ್ದು ಓದುಗ ಯಾವ ಬಾಗಿಲಿನಿಂದ ಒಳಗೆ ಬರುತ್ತಾನೆ ಎಂಬುದನ್ನು. ಸಿಯಾಟಲ್‌ನ ಲೈಬ್ರರಿಯನ್ ನ್ಯಾನ್ಸಿ ಪರ್ಲ್ ಇದನ್ನು ನಾಲ್ಕಾಗಿ ವಿಂಗಡಿಸಿದ್ದಾರೆ: ಕಥೆ, ಪಾತ್ರ, ಪರಿಸರ, ಭಾಷೆ. ಎಲ್ಲ ಕಾದಂಬರಿಯಲ್ಲೂ ನಾಲ್ಕೂ ಇರುತ್ತವೆ, ಒಂದು ಮಾತ್ರ ಅಗಲವಾಗಿ ತೆರೆದಿರುತ್ತದೆ. ತೇಜಸ್ವಿ ಅವರ ‘ಜುಗಾರಿ ಕ್ರಾಸ್’ಗೆ ಕಥೆಯ ಬಾಗಿಲು, ‘ಕರ್ವಾಲೋ’ಗೆ (1980) ಪರಿಸರ ಮತ್ತು ಪಾತ್ರ, ‘ಕುಸುಮಬಾಲೆ’ಗೆ ಭಾಷೆ. ‘ಕರ್ವಾಲೋ’ ಹಿಡಿಸಿದ ಹುಡುಗನಿಗೆ ಅದೇ ಲೇಖಕರ ಇನ್ನೊಂದನ್ನು ಕೊಟ್ಟರಾಯಿತು ಎಂಬುದು ಸೋಮಾರಿತನದ ಸಲಹೆ. ಅವನಿಗೆ ಹಿಡಿಸಿದ್ದು ಮಂದಣ್ಣನೋ, ಕಾಡೋ, ಹಾರುವ ಓತಿಯ ಹುಡುಕಾಟವೋ ಎಂದು ಕೇಳಬೇಕು. ಕಾಡು ಎಂದರೆ ಕಾರಂತರ ‘ಬೆಟ್ಟದ ಜೀವ’ದತ್ತ ಕಳಿಸಬಹುದು, ಹುಡುಕಾಟ ಎಂದರೆ ‘ಚಿದಂಬರ ರಹಸ್ಯ’ದತ್ತ.

ಮಾದರಿಗೆ ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ (1976) ತೆಗೆದುಕೊಳ್ಳೋಣ. ಹುಡುಗರ ಚೀಟಿ: “ಮದುವೆ ಎಂದರೇನೆಂದು ತಿಳಿಯುವ ಮೊದಲೇ ವಿಧವೆಯಾದ ಹುಡುಗಿಯ ಇಡೀ ಬದುಕು. ನಿಜವಾಗಿ ಬಾಳಿದ್ದ ಒಬ್ಬರ ಕಥೆ. ಮಲೆನಾಡಿನ ದೊಡ್ಡ ಮನೆ, ತುಂಬ ಜನ. ಯಾರು ಯಾರಿಗೆ ಏನಾಗಬೇಕೆಂದು ಮೊದಲಿಗೆ ಗೊತ್ತಾಗದಿದ್ದರೂ ಪರವಾಗಿಲ್ಲ, ಫಣಿಯಮ್ಮನನ್ನು ಬಿಡಬೇಡಿ. ದಾಕ್ಷಾಯಿಣಿ ಬಂದ ಮೇಲೆ ಪುಸ್ತಕ ಕೆಳಗಿಡಲಾಗುವುದಿಲ್ಲ.” ದೊಡ್ಡವರ ಚೀಟಿ: “ಕೋಪವನ್ನು ಒಮ್ಮೆಯೂ ಎತ್ತಿ ಆಡದೆ ಬರೆದ ಕಾದಂಬರಿ. ಮಡಿ, ತಲೆ ಬೋಳಿಸುವುದು, ಬಾಣಂತನ ಎಲ್ಲವೂ ಇವೆ. ಮನೆಯ ಹಿರಿಯ ಹೆಂಗಸರಿಗೆ ನೀವು ಕೇಳದೇ ಬಿಟ್ಟ ಪ್ರಶ್ನೆಗಳು ನೆನಪಾಗುತ್ತವೆ. ಮಗಳು ಓದಿದ ಮೇಲೆ ಓದಿ, ಮೊದಲಲ್ಲ.” ಕೊನೆಯ ಸಾಲು ಬೇಕೆಂದೇ ಬರೆದದ್ದು. ತಾಯಿ ಮೊದಲು ಓದಿದರೆ ಆ ಪುಸ್ತಕ ಮಗಳ ಪಾಲಿಗೆ ಉಪದೇಶವಾಗಿಬಿಡುವ ಸಂಭವ ಹೆಚ್ಚು.

ಚೀಟಿ ಕೆಡುವುದು ಹೆಚ್ಚಾಗಿ ಮೂರು ಕಾರಣಕ್ಕೆ. ಒಂದು, ನಲವತ್ತು ಪದ ದಾಟಿದರೆ ನಿಂತು ಓದುವವರಿಲ್ಲ. ಎರಡು, ‘ಬದುಕಿನ ಮೌಲ್ಯಗಳನ್ನು ಸಾರುವ ಕೃತಿ’ ಎಂಬಂಥ ಮಾತು. ಇದು ಯಾವ ಪುಸ್ತಕಕ್ಕೂ ಅಂಟುತ್ತದೆ, ಆದ್ದರಿಂದ ಯಾವುದರ ಬಗ್ಗೆಯೂ ಏನನ್ನೂ ಹೇಳುವುದಿಲ್ಲ. ಮೂರು, ಗಟ್ಟಿ ವಿಷಯವನ್ನು ಮುಚ್ಚಿಡುವುದು. ಕಾರಂತರ ‘ಚೋಮನ ದುಡಿ’ (1933) ಕೊಡುವಾಗ ಅದರಲ್ಲಿ ಜಾತಿಯ ಕ್ರೌರ್ಯವಿದೆ, ಮಕ್ಕಳ ಸಾವಿದೆ ಎಂದು ನೇರವಾಗಿ ಬರೆಯಬೇಕು. ಪುಸ್ತಕಗಳ ಮೇಲೆ ಪೋಷಕರ ಆಕ್ಷೇಪಗಳು ಹೆಚ್ಚಿರುವ ಈ ದಿನಗಳಲ್ಲಿ ಅಮೆರಿಕದ ಲೈಬ್ರರಿಯನ್ನರಿಗೆ ಇದರ ಅನುಭವ ಸಾಕಷ್ಟಿದೆ. ಮುಂಚೆಯೇ ಹೇಳಿದ್ದರೆ ಮಾತು ಚರ್ಚೆಯಲ್ಲಿ ಮುಗಿಯುತ್ತದೆ, ಅಡಗಿಸಿದ್ದು ಆಮೇಲೆ ಹೊರಬಿದ್ದರೆ ಪುಸ್ತಕವೇ ಕಪಾಟಿನಿಂದ ಹೋಗುತ್ತದೆ.

ಮೇಜಿನ ಮುಂದೆ ಬಂದು ನಿಂತ ಹುಡುಗನಿಗೆ ‘ನಿನಗೆ ಯಾವ ವಿಷಯ ಇಷ್ಟ’ ಎಂದು ಕೇಳಿದರೆ ‘ಗೊತ್ತಿಲ್ಲ ಸರ್’ ಎಂಬ ಉತ್ತರ ಬರುತ್ತದೆ. ಕಡೆಯದಾಗಿ ಪೂರ್ತಿ ಓದಿದ್ದು ಅಥವಾ ನೋಡಿದ್ದು ಯಾವುದು, ಅದನ್ನು ಗೆಳೆಯನಿಗೆ ಹೇಗೆ ಹೇಳುತ್ತೀಯ ಎಂದು ಕೇಳಿದರೆ ಬಾಗಿಲು ತಾನಾಗಿ ಗೊತ್ತಾಗುತ್ತದೆ. ಆಮೇಲೆ ಮೂರು ಪುಸ್ತಕ ಕೈಗಿಡಬೇಕು: ಅವನಿಗೆ ಹಿಡಿಸಿದ್ದಕ್ಕೆ ತೀರ ಹತ್ತಿರದ್ದೊಂದು, ಒಂದು ಹೆಜ್ಜೆ ಆಚೆಯದೊಂದು, ಅವನು ನಿರೀಕ್ಷಿಸದ್ದೊಂದು. ಒಂದೇ ಕೊಟ್ಟರೆ ಅದು ಹೋಂವರ್ಕ್ ಆಗುತ್ತದೆ, ಎಂಟು ಕೊಟ್ಟರೆ ಎಲ್ಲವನ್ನೂ ಬಿಟ್ಟು ಹೋಗುತ್ತಾನೆ. ಅಲ್ಲೇ ನಿಂತು ಮೊದಲ ಎರಡು ಪುಟ ಓದಲು ಬಿಡಿ. ನ್ಯಾನ್ಸಿ ಪರ್ಲ್ ಅವರದ್ದೇ ಇನ್ನೊಂದು ಸೂತ್ರವಿದೆ: 50 ಪುಟ ಓದಿಯೂ ಹತ್ತದಿದ್ದರೆ ಬಿಡಬಹುದು. ವಯಸ್ಸು 50 ದಾಟಿದವರು 100ರಲ್ಲಿ ತಮ್ಮ ವಯಸ್ಸು ಕಳೆದು ಉಳಿದಷ್ಟು ಪುಟ ಓದಿದರೆ ಸಾಕು. ನೂರಿಪ್ಪತ್ತು ಪುಟದ ಕನ್ನಡ ಕಾದಂಬರಿಗೆ 50 ಹೆಚ್ಚಾಯಿತು, 25 ಸರಿ. ಪುಸ್ತಕ ಹಿಂದಿರುಗಿ ಬಂದಾಗ ‘ಓದಿದೆಯಾ’ ಎಂದು ಕೇಳುವ ಬದಲು ಎಲ್ಲಿ ನಿಲ್ಲಿಸಿದೆ ಎಂದು ಕೇಳಿ, ಆ ಪುಟಸಂಖ್ಯೆಯನ್ನು ಬರೆದಿಡಿ. ನಾಲ್ಕು ಜನ ಒಂದೇ ಜಾಗದಲ್ಲಿ ನಿಂತಿದ್ದರೆ ಅದು ಚೀಟಿಗೆ ಸೇರಬೇಕಾದ ಮಾತು. ಪುಸ್ತಕದ ಹೆಸರಿನ ಕೆಳಗೆ ಪುಟ ಮಾತ್ರ ಬರೆಯಿರಿ, ಹುಡುಗರ ಹೆಸರು ಬೇಡ.

ಇದಾವುದೂ ನಮಗೆ ಪರದೇಶದ ವಿದ್ಯೆಯೇನಲ್ಲ. ಪ್ರತಿ ಓದುಗನಿಗೂ ಅವನ ಪುಸ್ತಕ, ಪ್ರತಿ ಪುಸ್ತಕಕ್ಕೂ ಅದರ ಓದುಗ ಎಂದು 1931ರಲ್ಲೇ ಸೂತ್ರ ಬರೆದ ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ ತಮ್ಮ ಕೊನೆಯ ವರ್ಷಗಳನ್ನು ಕಳೆದದ್ದು ಬೆಂಗಳೂರಿನಲ್ಲಿ. 1962ರಲ್ಲಿ ಅಲ್ಲಿ ದಾಖಲೀಕರಣದ ಸಂಶೋಧನೆ ಮತ್ತು ತರಬೇತಿ ಕೇಂದ್ರ (ಡಿಆರ್‌ಟಿಸಿ) ಕಟ್ಟಿದವರೂ ಅವರೇ.

ನಮ್ಮ ಕರ್ನಾಟಕದ ಶಾಲೆಗಳ ಮಾತಿಗೆ ಬಂದರೆ, ಪುಸ್ತಕ ಇರುವುದು ಬೀಗ ಹಾಕಿದ ಕಬ್ಬಿಣದ ಬೀರುವಿನಲ್ಲಿ, ಕೀಲಿ ಇರುವುದು ಪಾಠದ ಜೊತೆಗೆ ಇದನ್ನೂ ಹೊತ್ತುಕೊಂಡ ಮೇಷ್ಟ್ರ ಹತ್ತಿರ. ಕಳೆದರೆ ಸ್ಟಾಕ್ ರಿಜಿಸ್ಟರಿಗೆ ಉತ್ತರ ಕೊಡಬೇಕಾದವರು ಅವರೇ ಆದ್ದರಿಂದ ಪುಸ್ತಕ ಹೊರಗೆ ಬರುವುದಿಲ್ಲ. ಅಮೆರಿಕದ ಶಾಲೆಗಳಲ್ಲಿ ಕಳೆಯುವುದು, ಹರಿಯುವುದು ಮಾಮೂಲು ಖರ್ಚು. ಹಳೆಯದನ್ನು ತೆಗೆದುಹಾಕಲು ಬರೆದಿಟ್ಟ ನಿಯಮಗಳೂ ಇವೆ: ತಪ್ಪು ಮಾಹಿತಿ, ಹರಿದು ಕೊಳಕಾದದ್ದು, ಹೊಸ ಆವೃತ್ತಿ ಬಂದದ್ದು, ಸತ್ವವಿಲ್ಲದ್ದು, ಆ ಶಾಲೆಯ ಓದುಗರಿಗೆ ಬೇಡವಾದದ್ದು, ಬೇರೆಡೆ ಸುಲಭವಾಗಿ ಸಿಗುವಂಥದ್ದು. ಆ ಧೈರ್ಯವನ್ನು ಇಲಾಖೆ ಬರವಣಿಗೆಯಲ್ಲಿ ಕೊಡುವವರೆಗೆ ಮೇಷ್ಟ್ರನ್ನು ದೂರುವುದು ನ್ಯಾಯವಲ್ಲ.

ಬೀರುವಿನಲ್ಲಿ ಇನ್ನೊಂದು ತೊಂದರೆಯಿದೆ. ತೆಳ್ಳನೆಯ ಕನ್ನಡ ಪುಸ್ತಕಗಳ ಬೆನ್ನಿನ ಮೇಲೆ ಹೆಸರೇ ಇರುವುದಿಲ್ಲ, ಇದ್ದರೂ ಓದಲಾಗುವುದಿಲ್ಲ. ಸಾಲಾಗಿ ನಿಲ್ಲಿಸಿದರೆ ಎಲ್ಲವೂ ಒಂದೇ ತರಹದ ಪಟ್ಟಿಗಳು. ತರಗತಿಯ ಗೋಡೆಗೆ ಎರಡು ಸಾಲು ನೈಲಾನ್ ಹಗ್ಗ ಬಿಗಿದು, ಪುಸ್ತಕವನ್ನು ನಡುವೆ ತೆರೆದು ಹಗ್ಗದ ಮೇಲೆ ಕೂರಿಸಿ ಮುಖಪುಟ ಕಾಣುವಂತೆ ನೇತುಹಾಕಬಹುದು. ಚೀಟಿಗೆ ಬಟ್ಟೆ ಕ್ಲಿಪ್ಪು ಸಾಕು. ಒಮ್ಮೆಗೆ ಹನ್ನೆರಡಕ್ಕಿಂತ ಹೆಚ್ಚು ಬೇಡ, ವಾರಕ್ಕೊಮ್ಮೆ ಬದಲಿಸಬೇಕು. ತುಂಬ ದಿನ ಬಿಟ್ಟರೆ ಬೆನ್ನು ಸೀಳುತ್ತದೆ. ಹಣವಿದ್ದಾಗ ಅರವತ್ತು ಬೇರೆ ಬೇರೆ ಶೀರ್ಷಿಕೆ ತರುವ ಬದಲು ಇಪ್ಪತ್ತನ್ನು ಮೂರು ಮೂರು ಪ್ರತಿ ತರುವುದು ಮೇಲು. ಈ ವಯಸ್ಸಿನವರು ಓದುವುದು ಗೆಳೆಯನೂ ಅದನ್ನೇ ಓದುತ್ತಿದ್ದಾನೆಂಬ ಕಾರಣಕ್ಕೆ.

ಹೊರನಾಡಿನ ಮಕ್ಕಳಿಗೆ ತೊಡಕು ಬೇರೆ. ಮಾತು ಹದಿನೈದರದ್ದು, ಅಕ್ಷರ ಎರಡನೇ ಕ್ಲಾಸಿನದ್ದು. ಇವರಿಗೆ ಎರಡನೇ ಕ್ಲಾಸಿನ ಕಥೆ ಕೊಟ್ಟರೆ ಅವಮಾನವಾಗುತ್ತದೆ. ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಇಂಥಲ್ಲಿ ಕೆಲಸಕ್ಕೆ ಬರುತ್ತದೆ. ಶ್ರೀನಾಥ್ ಪೇರೂರು ಅವರ ಇಂಗ್ಲಿಷ್ ಅನುವಾದ 2017ರಲ್ಲಿ ಅಮೆರಿಕದಲ್ಲೂ ಪ್ರಕಟವಾಗಿರುವುದರಿಂದ ಸಾರ್ವಜನಿಕ ಗ್ರಂಥಾಲಯಗಳಲ್ಲಿ ಸಿಗುತ್ತದೆ. ಇಂಗ್ಲಿಷಿನಲ್ಲಿ ಒಂದು ಅಧ್ಯಾಯ ಓದಿಕೊಂಡು, ಅದನ್ನೇ ಅಪ್ಪನೋ ಅಮ್ಮನೋ ಕನ್ನಡದಲ್ಲಿ ಗಟ್ಟಿಯಾಗಿ ಓದುವಾಗ ಪುಸ್ತಕದ ಮೇಲೆ ಕಣ್ಣಾಡಿಸುವುದು. ದಿನಕ್ಕೆ ನಾಲ್ಕು ಪುಟ ಮೀರಬಾರದು. ಬಾನು ಮುಷ್ತಾಕ್ ಅವರ ಕಥೆಗಳೂ ಹೀಗೆಯೇ, 2025ರಲ್ಲಿ ಇಂಟರ್‌ನ್ಯಾಷನಲ್ ಬೂಕರ್ ಬಂದ ದೀಪಾ ಭಾಸ್ತಿ ಅವರ ಅನುವಾದ ಒಂದು ಕೈಯಲ್ಲಿ, ಮೂಲ ಇನ್ನೊಂದು ಕೈಯಲ್ಲಿ. ಆದರೆ ಒಂದು ವಾರಕ್ಕೆ ಒಂದೇ ಕಥೆ.

ಊರಿಂದ ತಂದ ಕನ್ನಡ ಪುಸ್ತಕಗಳನ್ನು ಅಮೆರಿಕದ ಶಾಲೆಗೋ ಲೈಬ್ರರಿಗೋ ಕೊಡುವವರು ಒಂದು ಕೆಲಸ ಮಾಡಲೇಬೇಕು. ಕನ್ನಡ ಬಲ್ಲ ಸಿಬ್ಬಂದಿ ಇಲ್ಲದ ಕಡೆ ಪುಸ್ತಕ ಕ್ಯಾಟಲಾಗಿಗೆ ಏರುವುದೇ ಇಲ್ಲ, ದಾನದ ಪುಸ್ತಕಗಳ ಮಾರಾಟದ ಮೇಜಿಗೆ ಹೋಗುತ್ತದೆ. ಒಳಗೊಂದು ಹಾಳೆ ಇಡಿ: ಹೆಸರು ಕನ್ನಡದಲ್ಲಿ ಮತ್ತು ರೋಮನ್ ಲಿಪಿಯಲ್ಲಿ, ಲೇಖಕರು, ಪ್ರಕಾಶಕರು, ವರ್ಷ, ಐಎಸ್‌ಬಿಎನ್, ಇಂಗ್ಲಿಷಿನಲ್ಲಿ ಎರಡು ಸಾಲಿನ ಸಾರ, ಸೂಕ್ತ ವಯಸ್ಸು. ರೋಮನ್ ಲಿಪಿಯಲ್ಲಿ ಬರೆಯುವಾಗ ಜನ ಹುಡುಕುವ ಸಾದಾ ಕಾಗುಣಿತವನ್ನೂ, ಗ್ರಂಥಾಲಯಗಳು ಬಳಸುವ ದೀರ್ಘಚಿಹ್ನೆಗಳಿರುವ ಕಾಗುಣಿತವನ್ನೂ ಎರಡನ್ನೂ ಕೊಡಿ. ಒಂದೇ ಇದ್ದರೆ ಪುಸ್ತಕ ಕಪಾಟಿನಲ್ಲಿದ್ದೂ ಹುಡುಕಿದವರಿಗೆ ಸಿಗದೇ ಹೋಗಬಹುದು. ಕೊಡುವ ಮೊದಲು ಅವರ ಆಯ್ಕೆಯ ನಿಯಮ ಕೇಳಿಕೊಳ್ಳಿ, ಒಮ್ಮೆಗೆ ಐದಾರು ಪುಸ್ತಕ ಕೊಡಿ, ಪ್ರತಿಯೊಂದರ ಜೊತೆ ಎರಡೂ ಚೀಟಿ ಇರಲಿ.