ಫಿರೋಜಾ ಕಲ್ಲು ಹಸಿರಾದರೆ ಅದು ಕಾಯಿಲೆಯ ಮುನ್ಸೂಚನೆಯೇ?

ಉಂಗುರದ ಫಿರೋಜಾ ಕಲ್ಲು ನೀಲಿಯಿಂದ ಹಸಿರಿಗೆ ತಿರುಗಿದರೆ ಧರಿಸಿದವರಿಗೆ ಕಾಯಿಲೆಯೋ ಅಪಾಯವೋ ಕಾದಿದೆ ಎಂಬ ಸಂದೇಶವೊಂದು ವಾಟ್ಸ್ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಕಲ್ಲಿನ ಬಣ್ಣ ಬದಲಾಗುವುದು ನಿಜ. ಅದಕ್ಕೆ ಕೊಟ್ಟಿರುವ ಕಾರಣ ಮಾತ್ರ ಸುಳ್ಳು.

ಫಿರೋಜಾ ಎಂಬುದು ತಾಮ್ರ ಮತ್ತು ಅಲ್ಯೂಮಿನಿಯಂಗಳ ಫಾಸ್ಫೇಟ್ ಖನಿಜವಾಗಿದ್ದು, ಅದರ ರಚನೆಯಲ್ಲಿ ನೀರಿನ ಅಂಶವೂ ಸೇರಿರುತ್ತದೆ. ನೀಲಿ ಬಣ್ಣ ಬರುವುದು ತಾಮ್ರದಿಂದ. ಕಬ್ಬಿಣದ ಅಂಶ ಹೆಚ್ಚಿದಷ್ಟೂ ಕಲ್ಲು ಹಸಿರಿನತ್ತ ವಾಲುತ್ತದೆ. ಖನಿಜಗಳ ಗಡಸುತನವನ್ನು 1ರಿಂದ 10ರವರೆಗೆ ಅಳೆಯುವ ಮೋಸ್ ಮಾಪನದಲ್ಲಿ ಇದರ ಗಡಸುತನ ಕೇವಲ 5ರಿಂದ 6. ಇದಕ್ಕಿಂತ ಮುಖ್ಯವಾದುದು ಅದರ ಸೂಕ್ಷ್ಮ ರಂಧ್ರಗಳು: ಬೆವರು, ಚರ್ಮದ ಜಿಡ್ಡು, ಸುಗಂಧದ್ರವ್ಯ, ಸೋಪು ಇವೆಲ್ಲವನ್ನೂ ಕಲ್ಲು ನಿಧಾನವಾಗಿ ಹೀರಿಕೊಂಡು ಹಸಿರಾಗುತ್ತದೆ, ಕಾದರೆ ನೀರಿನಂಶ ಕಳೆದುಕೊಂಡು ಮಂಕಾಗುತ್ತದೆ. ಜ್ವರ ಬಂದವರು ಹೆಚ್ಚು ಬೆವರಬಹುದು, ನಿಜ. ಆದರೆ ಅಡುಗೆಮನೆಯಲ್ಲಿ ಎಣ್ಣೆಗೆ ಕೈಹಾಕುವ ಆರೋಗ್ಯವಂತರ ಉಂಗುರವೂ ಹಾಗೆಯೇ ಬಣ್ಣಗೆಡುತ್ತದೆ.

ಈ ನಂಬಿಕೆ ಹೊಸದೇನಲ್ಲ. ಇರಾನಿನ ನಿಶಾಪುರದ ಗಣಿಗಳಿಂದ ತುರ್ಕಿಯ ಮೂಲಕ ಈ ಕಲ್ಲು ಯುರೋಪಿಗೆ ಹೋದುದರಿಂದಲೇ ಅಲ್ಲಿ ಅದಕ್ಕೆ ‘ತುರ್ಕಿಯ ಕಲ್ಲು’ ಎಂಬರ್ಥದ ಹೆಸರು ಬಂತು. ಕುದುರೆ ಸವಾರರನ್ನು ಬೀಳದಂತೆ ಕಾಯುತ್ತದೆ ಎಂಬ ಪ್ರತೀತಿಯೂ ಅದರ ಸುತ್ತ ಬೆಳೆಯಿತು. ಕಥೆಯಾಗಿ ಇವು ಸೊಗಸಾಗಿಯೇ ಇವೆ.

ಅಂದಹಾಗೆ, ಮಾರುಕಟ್ಟೆಯಲ್ಲಿ ಫಿರೋಜಾ ಎಂದು ಮಾರುವ ಅಗ್ಗದ ಕಲ್ಲುಗಳಲ್ಲಿ ಹಲವು ಬಣ್ಣ ಹಾಕಿದ ಹೌಲೈಟ್ ಅಥವಾ ಮ್ಯಾಗ್ನೆಸೈಟ್ ಎಂಬ ಬಿಳಿ ಖನಿಜಗಳು. ಅವುಗಳಲ್ಲಿ ಬದಲಾಗುವುದು ಕಲ್ಲಿನ ಬಣ್ಣವೂ ಅಲ್ಲ, ಬಳಿದ ಬಣ್ಣ.